35 ವೀಲನ್ ಬ್ರಾಸ್ ಕೊಳ್ಳುವ ಮುಂಚೆ ಡಬ್ಬಿ ಪೂರ್ತಿ ಸುರಿದು ನೋಡಿ

ಟೆಕ್ಸಾಸ್ ಕಡೆ ಮನೆಯಲ್ಲೇ ತೋಟೆ ತುಂಬುವ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಓದಿ. ಗನ್ ಶೋದಲ್ಲಿ "35 ವೀಲನ್‌ಗೆ ರೆಡಿ ಮಾಡಿದ ಹೊಸ ಬ್ರಾಸ್" ಅಂತ ಡಬ್ಬಿಗಟ್ಟಲೆ ಮಾರುವವರನ್ನು ನಂಬಬೇಡಿ. ಬ್ರಾಸ್ ಅಂದರೆ ತೋಟೆಯ ಖಾಲಿ ಹಿತ್ತಾಳೆ ಕವಚ, ಕೇಸು ಅಂತಲೂ ಅನ್ನುತ್ತೇವೆ. ನನಗೆ ಮೋಸ ಆಗಿದೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ವೀಲನ್ ಅಂದರೆ ಒಂದು ರೈಫಲ್ ತೋಟೆ: 30-06 ಅನ್ನುವ ಇನ್ನೊಂದು ರೈಫಲ್ ತೋಟೆಯ ಕೇಸಿನ ಕತ್ತು ಅಗಲಿಸಿ .358 ಇಂಚಿನ ಬುಲೆಟ್ ಕೂರಿಸುವುದು, ಅಷ್ಟೇ. 1922ರಿಂದ ಜನ ಮಾಡುತ್ತಾ ಬಂದಿದ್ದಾರೆ. ರೆಮಿಂಗ್ಟನ್‌ನವರು ಅದನ್ನು ಕಾರ್ಖಾನೆ ತೋಟೆಯಾಗಿ ತಂದಿದ್ದು 1980ರ ದಶಕದ ಕೊನೆಗೆ. ಆದರೂ ಅದರ ಬ್ರಾಸ್ ಬೇಕೆಂದಾಗ ಸಿಗುವುದಿಲ್ಲ, ಸಿಕ್ಕರೆ ದುಬಾರಿ. ಅದಕ್ಕೇ ಇಂಥವರ ವ್ಯಾಪಾರ ನಡೆಯುವುದು.

ಮೇಜಿನ ಹಿಂದಿದ್ದ ಆಸಾಮಿ ಹೇಳಿದ್ದು ಹೀಗೆ: "ಎಲ್ಲಾ ಹೊಸದು ಸರ್, ಒಂದು ಸಲವೂ ಹೊಡೆದಿಲ್ಲ. ಕತ್ತು ಕಾಯಿಸಿ ಮೆದು ಮಾಡಿಯೇ ಅಗಲಿಸಿದ್ದೀನಿ." ಕಾಯಿಸಿದ ಬಣ್ಣ ಎಲ್ಲಿ ಅಂತ ಆಗಲೇ ಕೇಳಿದ್ದೆ. "ಪಾಲಿಶ್ ಮಾಡಿದೆ, ಚೆನ್ನಾಗಿ ಕಾಣಲಿ ಅಂತ" ಅಂದ. ಪಾಲಿಶ್ ಮಾಡಿದರೆ ಆ ನೀಲಿ ಛಾಯೆ ಹೋಗುವುದು ನಿಜವೇ ಅಲ್ವಾ, ಯಾರು ತಾನೇ ಅನುಮಾನ ಪಡುತ್ತಾರೆ?

ಮನೆಗೆ ಬಂದು ಡಬ್ಬಿ ಸುರಿದೆ. ಮೇಲಿನ ಸಾಲು ಹೊಸ ಕೇಸುಗಳೇ. ಕೆಳಗಿದ್ದದ್ದೆಲ್ಲ ಹಳೇ ಮಿಲಿಟರಿ ಮಾಲು, ತಳದಲ್ಲಿ "ಎಲ್‌ಸಿ 67" ಮುದ್ರೆ, ಅಂದರೆ 1967ರಲ್ಲಿ ಲೇಕ್ ಸಿಟಿ ಕಾರ್ಖಾನೆಯಲ್ಲಿ ಮಾಡಿದ್ದು! ಸಂತೆಯಲ್ಲಿ ಟೊಮೆಟೊ ಬುಟ್ಟಿಗೆ ಮೇಲೊಂದು ಸಾಲು ಒಳ್ಳೇದು ಜೋಡಿಸುತ್ತಾರಲ್ಲ, ಹಾಗೆ. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂರುವ ಗುಂಡಿಯ ಅಂಚನ್ನು ಕೆತ್ತಿದ್ದಾರೆ, ಅಂದರೆ ಪ್ರೈಮರ್ ಕದಲದಂತೆ ಅಂಚು ಒತ್ತಿರುವ ಮಿಲಿಟರಿ ಕ್ರಿಂಪ್ ತೆಗೆದಿದ್ದಾರೆ. ಒಂದು ಸಲವೂ ಹೊಡೆಯದ ಕೇಸಿಗೆ ಅದನ್ನು ಯಾಕೆ ತೆಗೆಯಬೇಕು ಹೇಳಿ? ಲೆನ್ಸ್ ಹಿಡಿದು ನೋಡಿದರೆ ಕತ್ತಿನಲ್ಲಿ ಕೂದಲೆಳೆಯಂಥ ಸೀಳು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗುಂಟ ಎಳೆದೆ, ತಳದ ಸ್ವಲ್ಪ ಮೇಲೆ ಟಕ್ ಅಂತ ಸಿಕ್ಕಿಕೊಂಡಿತು. ಒಳಗಡೆ ಗೋಡೆ ಸವೆದು ಗೀರು ಬಿದ್ದಿದೆ. ಹೊಡೆದಾಗ ಕೇಸು ತುಂಡಾಗುವುದು ಅಲ್ಲೇ! ಸಾಲದ್ದಕ್ಕೆ ಕತ್ತಿನ ಕೆಳಗಿನ ಇಳಿಜಾರು ಭಾಗ, ಅಂದರೆ ಭುಜವನ್ನೂ ಹಿಂದಕ್ಕೆ ಒತ್ತಿಬಿಟ್ಟಿದ್ದಾನೆ, ರೈಫಲ್ಲಿಗೆ ಹಾಕಿದರೆ ಬೋಲ್ಟ್ ಒಂಚೂರೂ ಬಿಗಿ ಹತ್ತದೆ ಸಲೀಸಾಗಿ ಮುಚ್ಚಿತು. ವೀಲನ್‌ಗೆ ಭುಜವೇ ಚಿಕ್ಕದು, ಅದೂ ಹಿಂದೆ ಹೋದರೆ ಹೆಡ್‌ಸ್ಪೇಸ್, ಅಂದರೆ ರೈಫಲ್ಲಿನೊಳಗೆ ಕೇಸು ಅಲುಗಾಡದೆ ಕೂರುವ ಅಳತೆ, ಏನಾಗಬೇಕು? ಬಿಸಿ ಗ್ಯಾಸ್ ಬರುವುದು ನಮ್ಮ ಮುಖಕ್ಕೆ. ಇದು ಬರೀ ದುಡ್ಡಿನ ಮಾತಲ್ಲ.

ಆ ಆಸಾಮಿಗೆ ಫೋಟೋ ಕಳಿಸಿದೆ. ಮೊದಲ ಉತ್ತರ: "ನಿಮ್ಮ ಪ್ರೆಸ್ ಸರಿಯಿಲ್ಲ." ನಾನು ಪ್ರೆಸ್‌ಗೆ (ಮನೆಯಲ್ಲಿ ತೋಟೆ ತುಂಬುವ ಯಂತ್ರಕ್ಕೆ) ಹಾಕಿಯೇ ಇಲ್ಲ ಅಂದೆ. "ಬ್ರಾಸ್ ಬ್ರಾಸೇ ಸರ್, 67ರದ್ದು ಇನ್ನೂ ಗಟ್ಟಿ." ಹೊಸದು ಅಂದಿದ್ದಿರಲ್ಲ ಅಂದರೆ "ನನಗೂ ಹಾಗೇ ಹೇಳಿ ಕೊಟ್ಟಿದ್ದು." ಕೊನೆಗೆ "ಮೇಜಿನ ಮೇಲೆ ನೋಡಬೇಕಿತ್ತು, ಮಾರಿದ್ದು ವಾಪಸ್ ಇಲ್ಲ." ಆಮೇಲೆ ನಂಬರ್ ಬ್ಲಾಕ್. ಮೇಲಿನ ಸಾಲು ಜೋಡಿಸಿದವನೇ ನನಗೆ ನೋಡಬೇಕಿತ್ತು ಅನ್ನುತ್ತಾನೆ!

ಬೇರೆಯವರು ಅಗಲಿಸಿದ ಕೇಸು ಬೇಡವೇ ಬೇಡ. ಹೊಸ 30-06 ಬ್ರಾಸ್ ತಂದು, ನಿಮ್ಮ ರೈಫಲ್ಲಿಗೆ ನೀವೇ ಮಾಡಿಕೊಳ್ಳಿ. ಕೊಳ್ಳಲೇಬೇಕು ಅಂದರೆ ಡಬ್ಬಿಯನ್ನು ಅಲ್ಲೇ ಸುರಿಯಿರಿ, ತಳದ ಮುದ್ರೆ ಒಂದೊಂದೇ ಓದಿ, ಜೇಬಲ್ಲಿ ತಂತಿ ಇಟ್ಟುಕೊಂಡು ಹೋಗಿ. ಸುರಿಯಲು ಬಿಡದಿದ್ದರೆ ಸುಮ್ನೆ ಎದ್ದು ಬನ್ನಿ. ಸೀಳಿದ ಕೇಸುಗಳನ್ನು ನಾನು ಎಸೆದಿಲ್ಲ, ಮುಂದಿನ ಶೋ ನಡೆಸುವವರ ಮುಂದೆ ಇಟ್ಟು ಕೇಳುತ್ತೇನೆ.