ಆಟೋ ಸಿಪ್ಯಾಪ್ ಅಂತ ಸುಮ್ನೆ ಹಾಕಿಕೊಂಡು ಮಲಗಬೇಡಿ

ಸ್ಲೀಪ್ ಅಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆ ಆಟೋ ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ, ಪ್ರೆಷರ್ ತಾನೇ ಹೊಂದಿಸಿಕೊಳ್ಳುವ ಮೆಷಿನ್) ತಗೊಂಡಿರುವವರು, ತಗೊಳ್ಳಬೇಕು ಅಂತಿರುವವರು ಇದನ್ನು ದಯವಿಟ್ಟು ಓದಿ. ನಾನು ಮೂರು ತಿಂಗಳು ಒದ್ದಾಡಿದ್ದೇನೆ.

ಸ್ಲೀಪ್ ಸ್ಟಡಿಯಲ್ಲಿ ನನ್ನ ಎಎಚ್‌ಐ 34 ಬಂತು. ಅಂದರೆ ಗಂಟೆಗೆ ಅಷ್ಟು ಸಲ ಉಸಿರು ನಿಲ್ಲುತ್ತದೆ, ಇಲ್ಲವೇ ತೀರಾ ಕಡಿಮೆಯಾಗುತ್ತದೆ. 30ರ ಮೇಲೆ ಹೋದರೆ ತೀವ್ರ ಅಂತ ಲೆಕ್ಕ. ಮೆಷಿನ್ ಮಾರಿದವರು, "ಇದು ಆಟೋ, ಪ್ರೆಷರ್ ಎಲ್ಲಾ ಅದೇ ನೋಡಿಕೊಳ್ಳುತ್ತದೆ" ಅಂದರು. ನಂಬಿಬಿಟ್ಟೆ.

ಮಲಗಿದ ತಕ್ಷಣ ಗಾಳಿ ಸಾಲದೆ ಉಸಿರು ಕಟ್ಟಿದಂತಾಗುತ್ತಿತ್ತು. ನಡುರಾತ್ರಿಯಲ್ಲಿ ಅದಕ್ಕೆ ತದ್ವಿರುದ್ಧ. ಗಾಳಿ ರಭಸವಾಗಿ ನುಗ್ಗುತ್ತಿತ್ತು, ಮಾಸ್ಕ್ ಅಂಚಿನಿಂದ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಗ್ಗೆ ಹೊಟ್ಟೆ ಉಬ್ಬರ, ತೇಗಿನ ಮೇಲೆ ತೇಗು. ರೂಢಿಯಾಗುತ್ತದೆ ಅಂತ ಕಾದೆ. ಒಂದು ದಿನ ಕಾರು ಓಡಿಸುವಾಗ ಕಣ್ಣು ಮುಚ್ಚಿಹೋಯಿತು. ಪಕ್ಕದಲ್ಲಿದ್ದ ಮಗಳು ಕಿರುಚಿದ್ದರಿಂದ ಇಬ್ಬರೂ ಉಳಿದೆವು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ನಿದ್ರೆ ತಜ್ಞರು ಮೆಷಿನ್‌ನ ಮೆಮೊರಿ ಕಾರ್ಡ್ (ರಾತ್ರಿಯ ಲೆಕ್ಕ ದಾಖಲಾಗುವುದು ಇದರಲ್ಲೇ) ಹಾಕಿ ನೋಡಿದರು. ಪ್ರೆಷರ್ 4ರಿಂದ 20ರವರೆಗೆ (ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ) ಅಂತ, ಕಂಪನಿಯಿಂದ ಬಂದ ಹಾಗೇ ಇತ್ತು. ಯಾರೂ ಮುಟ್ಟಿರಲಿಲ್ಲ. ಅವರು ಹೇಳಿದ್ದು ಹೀಗೆ: ಗಂಟಲು ಕಿರಿದಾದಾಗ ಉಸಿರಿನ ಹರಿವು ಬದಲಾಗುತ್ತದೆ, ಗೊರಕೆಯ ಅದುರು ಬರುತ್ತದೆ. ಮೆಷಿನ್ ಅದನ್ನು ಹಿಡಿದು ಪ್ರೆಷರ್ ಏರಿಸುತ್ತದೆ, ಆದರೆ ನಿಧಾನವಾಗಿ. ನನಗೆ ಬೇಕಿದ್ದದ್ದು 11ರ ಆಸುಪಾಸು. 4ರಿಂದ ಅಲ್ಲಿಗೆ ಏರುವಷ್ಟರಲ್ಲಿ ಗಂಟಲು ಎಷ್ಟೋ ಸಲ ಮುಚ್ಚಿರುತ್ತದೆ. ಅಂಗಾತ ಮಲಗಿದಾಗ, ಕನಸಿನ ನಿದ್ರೆಯಲ್ಲಿ ಇದು ಇನ್ನೂ ಜಾಸ್ತಿ. ಉಸಿರು ಸರಿಹೋದರೆ ಪ್ರೆಷರ್ ಮತ್ತೆ ಇಳಿಯುತ್ತದೆ, ಮತ್ತೆ ಅದೇ ಕಥೆ. ಸಾಲದ್ದಕ್ಕೆ ನನ್ನ ಮಾಸ್ಕ್ ಒಂದು ಸೈಜ್ ದೊಡ್ಡದಿತ್ತು. ಲೀಕ್ ಜಾಸ್ತಿಯಾದರೆ ಮೆಷಿನ್‌ಗೆ ಉಸಿರಿನ ಲೆಕ್ಕವೇ ಸರಿಯಾಗಿ ಸಿಗುವುದಿಲ್ಲ.

ಅವರು 9ರಿಂದ 14ಕ್ಕೆ ಇಟ್ಟರು, ಮಾಸ್ಕ್ ಬದಲಿಸಿದರು. ವಾರದೊಳಗೆ ಹೊಟ್ಟೆ ಉಬ್ಬರ ನಿಂತಿತು. ಮೆಷಿನ್ ತೋರಿಸುವ ಎಎಚ್‌ಐ 5ಕ್ಕಿಂತ ಕೆಳಗೆ ಬಂತು. ಇಷ್ಟೇ ಕೆಲಸಕ್ಕೆ ಮೂರು ತಿಂಗಳು ಹಾಳಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ, ಇದು ನನ್ನದಕ್ಕಿಂತ ದೊಡ್ಡದು. ಸೆಂಟ್ರಲ್ ಅಪ್ನಿಯಾ ಅಂತ ಬೇರೆ ಇದೆ. ಅದರಲ್ಲಿ ಗಂಟಲು ಮುಚ್ಚುವುದಿಲ್ಲ, ಉಸಿರಾಡು ಅಂತ ಮಿದುಳು ಹೇಳುವುದೇ ತಪ್ಪುತ್ತದೆ. ಪ್ರೆಷರ್ ಏರಿಸಿದರೆ ಅದು ಸರಿಹೋಗುವುದಿಲ್ಲ, ಕೆಲವರಿಗೆ ಜಾಸ್ತಿಯೂ ಆಗಬಹುದು. ಇದಕ್ಕೆ ಪ್ರತಿ ಉಸಿರಿಗೂ ಪ್ರೆಷರ್ ಹೊಂದಿಸುವ ಎಎಸ್‌ವಿ ಎಂಬ ಬೇರೆ ಬಗೆಯ ಮೆಷಿನ್‌ಗಳೂ ಇವೆ. 2015ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿ ಸೆಂಟ್ರಲ್ ಅಪ್ನಿಯಾ ಇದ್ದವರು ಎಎಸ್‌ವಿ ಬಳಸಿದಾಗ ಹೃದಯದಿಂದಾಗುವ ಸಾವು ಜಾಸ್ತಿ ಕಂಡಿತ್ತು. ಹೃದಯ ದುರ್ಬಲ ಇರುವವರು, ಶ್ವಾಸಕೋಶದ ದೊಡ್ಡ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಯಾವ ಆಟೋ ಮೆಷಿನ್ನನ್ನೂ ಮನೆಗೆ ತರಬೇಡಿ.

ನಿಮ್ಮದೂ 4ರಿಂದ 20 ಅಂತಲೇ ಇದ್ದು, ಹಗಲು ತೂಕಡಿಕೆ ಹೋಗಿಲ್ಲ ಅಂದರೆ ನೀವೇ ಸೆಟ್ಟಿಂಗ್ ತಿರುಗಿಸಬೇಡಿ, ಮೆಷಿನ್ ಹಾಕುವುದನ್ನು ನಿಲ್ಲಿಸಲೂಬೇಡಿ. ಈ ವಾರವೇ ಕಾರ್ಡ್, ಮಾಸ್ಕ್ ಎರಡನ್ನೂ ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋಗಿ. ಅಲ್ಲಿವರೆಗೆ ಗಾಡಿ ಬೇರೆಯವರು ಓಡಿಸಲಿ.