ಅರವತ್ತೇಳು ನಿಮಿಷ: ಕುವೆಂಪುನಗರದ ಒಂದು ಪ್ರದರ್ಶನ

ಮೈಸೂರಿನ ಕುವೆಂಪುನಗರದಲ್ಲಿರುವ ಖಾಸಗಿ ವಾಚನಾಲಯವೊಂದು ಎಮೆಟ್ ಟಿಲ್ ಕೊಲೆ ಪ್ರಕರಣವನ್ನು ಕುರಿತು ತನ್ನ ಮಹಡಿಯ ಎರಡು ಕೋಣೆಗಳಲ್ಲಿ ಏರ್ಪಡಿಸಿರುವ ಚಿತ್ರಫಲಕಗಳ ಪ್ರದರ್ಶನವನ್ನು ಕಳೆದ ಭಾನುವಾರ ನೋಡಿ ಬಂದೆ. ಪ್ರವೇಶ ಶುಲ್ಕ 50 ರೂಪಾಯಿ. ವಿವರಿಸಲು ಒಬ್ಬರು ಜೊತೆಗೆ ಬರುತ್ತಾರೆ.

ಅಮೆರಿಕದ ಚಿಕಾಗೋದ 14 ವರ್ಷದ ಕಪ್ಪು ಹುಡುಗ ಎಮೆಟ್ 1955ರ ಆಗಸ್ಟ್ ತಿಂಗಳಲ್ಲಿ ಮಿಸಿಸಿಪ್ಪಿಯ ಬಂಧುಗಳ ಮನೆಗೆ ಹೋಗಿದ್ದಾಗ, ಅಂಗಡಿಯಲ್ಲಿದ್ದ ಬಿಳಿಯ ಹೆಂಗಸಿನೊಡನೆ ಅಸಭ್ಯವಾಗಿ ನಡೆದುಕೊಂಡನೆಂಬ ನೆಪದಲ್ಲಿ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಜೆ. ಡಬ್ಲ್ಯು. ಮಿಲಮ್ ಅವನನ್ನು ರಾತ್ರಿ ಎಳೆದೊಯ್ದು ಕೊಂದರು. ಇಷ್ಟನ್ನು ಮೂರೇ ಫಲಕಗಳಲ್ಲಿ ಮುಗಿಸಿರುವುದು ಸರಿಯಾಗಿದೆ. ಪ್ರದರ್ಶನದ ಬಲವಿರುವುದು ವಿಚಾರಣೆಯನ್ನು ಬಿಡಿಸಿ ತೋರಿಸುವ ಭಾಗದಲ್ಲಿ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ನಾಗರಿಕರ ಗುಂಪಾದ ಜ್ಯೂರಿಯನ್ನು ಮತದಾರರ ಪಟ್ಟಿಯಿಂದ ಆರಿಸುತ್ತಿದ್ದರು. ಆ ಪಟ್ಟಿಗೆ ಕಪ್ಪು ಜನರ ಹೆಸರು ಸೇರದಂತೆ ಮೊದಲೇ ನೋಡಿಕೊಂಡಿದ್ದರು. ಆದ್ದರಿಂದ ಕುಳಿತ 12 ಮಂದಿಯೂ ಬಿಳಿಯ ಗಂಡಸರೇ ಆಗಿದ್ದರು. ಅವರು 67 ನಿಮಿಷಗಳಲ್ಲಿ ಆರೋಪಿಗಳನ್ನು ನಿರ್ದೋಷಿಗಳೆಂದರು. ಒಂದೇ ಅಪರಾಧಕ್ಕೆ ಮತ್ತೆ ವಿಚಾರಣೆ ನಡೆಸುವಂತಿಲ್ಲವೆಂಬ ಧೈರ್ಯದಲ್ಲಿ, 1956ರ ಜನವರಿಯಲ್ಲಿ ಆ ಇಬ್ಬರೂ ಪತ್ರಿಕೆಯೊಂದರಿಂದ ಹಣ ಪಡೆದು ಕೊಲೆಯನ್ನು ಒಪ್ಪಿಕೊಂಡರು.

ಎರಡನೆಯ ಕೋಣೆ ಅನಂತರದ ಕಾಲದ್ದು. ಶವ ಸಿಕ್ಕ ಟ್ಯಾಲಹ್ಯಾಚಿ ನದಿಯ ದಡದಲ್ಲಿ ನಿಲ್ಲಿಸಿದ ಸ್ಮಾರಕ ಫಲಕವನ್ನು ಕಿತ್ತು ಹಾಕಿದರು, ಬದಲಿಗೆ ಬಂದವುಗಳಿಗೆ ಗುಂಡು ಹೊಡೆದರು. ಕಡೆಗೆ 2019ರಲ್ಲಿ ಗುಂಡು ತೂರದ ಉಕ್ಕಿನ ಫಲಕವನ್ನೇ ನೆಡಬೇಕಾಯಿತು. ಗುಂಪುಹತ್ಯೆಯನ್ನು ದ್ವೇಷಾಪರಾಧವೆನ್ನುವ ಒಕ್ಕೂಟ ಕಾನೂನು ಎಮೆಟ್‌ನ ಹೆಸರಿನಲ್ಲಿ ಬಂದದ್ದು 2022ರಲ್ಲಿ. ತೂತುಬಿದ್ದ ಫಲಕದ ಚಿತ್ರದ ಪಕ್ಕದಲ್ಲಿಯೇ ಆ ಕಾನೂನಿನ ವಿವರವನ್ನಿಟ್ಟವರ ವಿವೇಚನೆಯನ್ನು ಮೆಚ್ಚಬೇಕು.

ಕೊರತೆಗಳೂ ಇವೆ. ಲೋಕವೆಲ್ಲ ನೋಡಲೆಂದು ತಾಯಿ ಮೇಮಿ ತೆರೆದಿರಿಸಿದ ಶವಪೆಟ್ಟಿಗೆಯ ಚಿತ್ರವನ್ನು ಯಾವ ಸೂಚನೆಯೂ ಇಲ್ಲದೆ ಬಾಗಿಲ ಬಳಿಯೇ ತೂಗುಹಾಕಿದ್ದಾರೆ. ಕೆಳಗೆ ಮಕ್ಕಳ ವಿಭಾಗವಿದೆ ಎಂಬುದು ಅವರಿಗೆ ಹೊಳೆಯಲಿಲ್ಲವೇಕೋ. ಜ್ಯೂರಿಯನ್ನು ‘ನ್ಯಾಯಾಧೀಶರ ಮಂಡಳಿ’ ಎಂದು ಕನ್ನಡಿಸಿರುವುದು ತಪ್ಪು. ಆ ಹನ್ನೆರಡು ಮಂದಿ ಊರಿನ ಸಾಮಾನ್ಯ ಜನರೇ ಆಗಿದ್ದರೆಂಬುದು ಮರೆತರೆ ತೀರ್ಪಿನ ಭೀಕರತೆಯೇ ಅರ್ಥವಾಗದು. ಸಂಬಂಧದಲ್ಲಿ ಎಮೆಟ್‌ಗೆ ಅಜ್ಜನಾಗಬೇಕಾದ ಮೋಸ್ ರೈಟ್ ನ್ಯಾಯಾಲಯದಲ್ಲಿ ಎದ್ದುನಿಂತು ಆರೋಪಿಗಳತ್ತ ಬೆರಳು ತೋರಿಸಿದ ಚಿತ್ರವಿದೆ. ಸಾಕ್ಷಿ ಹೇಳಿದ ಮೇಲೆ ಆತ ಊರನ್ನೇ ಬಿಡಬೇಕಾಯಿತೆಂಬ ಮಾತಿಲ್ಲ.

ಅಲ್ಲಿದ್ದ ಹಿರಿಯರೊಬ್ಬರು ನಮ್ಮದೇ ರಾಜ್ಯದ ಹಳ್ಳಿ ಕಂಬಾಲಪಲ್ಲಿಯ ಪ್ರಸ್ತಾಪವೆತ್ತಿದಾಗ ವಿವರಣೆಗಾರರು ಅದು ವಿಷಯಾಂತರವೆಂದು ಮುಂದೆ ಸಾಗಿದರು. 2000ದ ಮಾರ್ಚ್‌ನಲ್ಲಿ ಅಲ್ಲಿ ಏಳು ಮಂದಿ ದಲಿತರನ್ನು ಸುಡಲಾಯಿತು, ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಮೋಸ್ ರೈಟ್‌ನ ಚಿತ್ರದ ಮುಂದೆ ನಿಂತು ಕೇಳಿದ ಆ ಪ್ರಶ್ನೆ ವಿಷಯಾಂತರ ಹೇಗಾದೀತೋ ನನಗೆ ತಿಳಿಯಲಿಲ್ಲ. ಆದರೂ ಹೋಗಿ ನೋಡಬೇಕಾದ ಪ್ರದರ್ಶನವಿದು. ಎರಡು ಗಂಟೆಯ ಬಿಡುವಿರಲಿ, ವಿವರಣೆಗಾರರನ್ನು ಮುಂದೆ ಕಳುಹಿಸಿ ಫಲಕಗಳನ್ನು ನೀವೇ ಓದಿಕೊಳ್ಳಿ.