ನಾಯಿ ಉಣ್ಣೆಗೆ ಏನು ಹಾಕಬೇಕು? ಬೇವಿನೆಣ್ಣೆಯಿಂದ ಮಾತ್ರೆವರೆಗೆ, ನಾನು ಹಾಕಿ ನೋಡಿದ್ದು

ನಮ್ಮ ಚಿನ್ನಿ ನಾಟಿ ನಾಯಿ. 16 ಕೆಜಿ ತೂಕ, ಕಂದು ಬಣ್ಣ, ಮೋಟು ಕೂದಲು. ಮೈಸೂರಿನಲ್ಲಿ ನಮ್ಮದು ಹಳೇ ಮನೆ. ಪಕ್ಕದಲ್ಲಿ ಖಾಲಿ ಸೈಟು, ಅದರ ತುಂಬಾ ಪಾರ್ಥೇನಿಯಂ, ಬೀದಿ ನಾಯಿಗಳೆಲ್ಲ ಮಲಗುವುದು ಅಲ್ಲೇ. ಉಣ್ಣೆ ಕಾಟ ಎಷ್ಟಿರಬಹುದು ಅಂತ ನಾಯಿ ಸಾಕಿದವರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ. ಜೊತೆಗೆ ಮನೆಯಲ್ಲಿ ಒಂದು ಬೆಕ್ಕಿದೆ, ಆರು ವರ್ಷದ ಮಗಳಿದ್ದಾಳೆ. ಮೂರು ವರ್ಷದಲ್ಲಿ ನಾನು ಒಂದೊಂದಾಗಿ ಹಾಕಿ ನೋಡಿದ ಮದ್ದುಗಳಲ್ಲಿ ಕೆಲವನ್ನು ಬಿಡಬೇಕಾಗಿ ಬಂದಿದ್ದು ಇವರಿಬ್ಬರಿಂದಲೇ.

ಮೊದಲು ಬೇವಿನೆಣ್ಣೆ. ನಮ್ಮಮ್ಮ ಸಾಗರದ ಕಡೆಯವರು, ಹಸುಗಳಿಗೆ ಮಾಡುತ್ತಿದ್ದ ಹಾಗೇ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚು ಅಂದರು. ಎರಡು ತಿಂಗಳು ಬಿಡದೆ ಹಚ್ಚಿದೆ. ಆ ವಾಸನೆಗೆ ಹೊಸದಾಗಿ ಹತ್ತುವುದು ಸ್ವಲ್ಪ ಕಮ್ಮಿಯಾದ ಹಾಗೆ ಕಂಡಿತು. ಆದರೆ ಆಗಲೇ ಕಚ್ಚಿಕೊಂಡು ಕೂತಿದ್ದವು ಅಲ್ಲಾಡಲಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಅವು ಆರಾಮಾಗಿ ಊದಿಕೊಳ್ಳುತ್ತಲೇ ಇದ್ದವು. ಹಚ್ಚಿದ ಎಣ್ಣೆಯಲ್ಲಿ ಅರ್ಧವನ್ನು ಚಿನ್ನಿ ನೆಕ್ಕಿ ಖಾಲಿ ಮಾಡುತ್ತಿದ್ದಳು, ಉಳಿದರ್ಧ ಚಾಪೆಗೆ ಬಳಿಯುತ್ತಿತ್ತು. ಅಕ್ಕಪಕ್ಕದವರು ಕರ್ಪೂರ ಸೇರಿಸು, ಸೀಮೆಎಣ್ಣೆ ಹಚ್ಚು, ಹೊಗೆಸೊಪ್ಪಿನ ನೀರು ಹಾಕು ಅಂತೆಲ್ಲ ಹೇಳಿದರು. ದಯವಿಟ್ಟು ಈ ಮೂರನ್ನೂ ಮಾಡಬೇಡಿ. ಕರ್ಪೂರವೂ ಹೊಗೆಸೊಪ್ಪೂ ನಾಯಿಯ ಹೊಟ್ಟೆಗೆ ಹೋದರೆ ವಿಷ, ಸೀಮೆಎಣ್ಣೆ ಚರ್ಮ ಸುಡುತ್ತದೆ.

ಆಮೇಲೆ ಪೌಡರ್. ಅಂಗಡಿಯವರು ಕೊಟ್ಟರು, ಒಂದು ವಾರ ಉದುರಿಸಿದೆ, ಮೈಮೇಲೆ ಕಾಣುತ್ತಿದ್ದ ಉಣ್ಣೆ ನಿಜಕ್ಕೂ ಕಮ್ಮಿಯಾದವು. ಆಮೇಲೆ ಡಬ್ಬಿ ತಿರುಗಿಸಿ ಓದಿದರೆ ಪರ್ಮೆಥ್ರಿನ್ ಅಂತ ಇತ್ತು, ಅದು ಹುಳ ಕೊಲ್ಲುವ ರಾಸಾಯನಿಕ. ನಾಯಿ ಇದನ್ನು ತಡೆದುಕೊಳ್ಳುತ್ತದೆ, ಬೆಕ್ಕು ತಡೆಯುವುದಿಲ್ಲ. ಬೆಕ್ಕಿನ ಲಿವರ್‌ಗೆ ಇದನ್ನು ಒಡೆಯುವ ಶಕ್ತಿ ತುಂಬಾ ಕಮ್ಮಿ. ನಡುಕ ಬರುತ್ತದೆ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ನಮ್ಮ ಬೆಕ್ಕು ಮಲಗುವುದೇ ಚಿನ್ನಿ ಹೊಟ್ಟೆಗೆ ಒತ್ತಿಕೊಂಡು. ಅವತ್ತೇ ಡಬ್ಬಿ ಹೊರಗೆ ಹೋಯಿತು. ಬೆಕ್ಕು ನಾಯಿ ಎರಡೂ ಇರುವ ಮನೆಯವರು ಪೌಡರ್, ಸ್ಪ್ರೇ, ಡ್ರಾಪ್ಸ್ ಏನೇ ತಂದರೂ ಮೊದಲು ಈ ಹೆಸರು ಇದೆಯಾ ನೋಡಿ.

ಇಷ್ಟರಲ್ಲಿ ಚಿನ್ನಿಗೆ ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ ಬಂತು. ಕೋಳಿ ಅನ್ನದ ತಟ್ಟೆ ಇಟ್ಟರೆ ಮೂಸಿ ನೋಡಿ ಹೋಗಿ ಮಲಗುತ್ತಿದ್ದಳು. ಬಿಸಿಲಿಗೆ ಹಾಗೆ ಅಂತ ಎರಡು ದಿನ ಬಿಟ್ಟೆ, ಅದು ನನ್ನ ತಪ್ಪು. ಮೂರನೇ ದಿನ ಮೂಗಿನಿಂದ ರಕ್ತ ಬಂತು. ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ 42 ಸಾವಿರ, ಆರೋಗ್ಯವಾಗಿರುವ ನಾಯಿಗೆ ಲಕ್ಷಗಳಲ್ಲಿ ಇರಬೇಕು. ಎರ್ಲಿಕಿಯಾ ಅಂದರು, ಉಣ್ಣೆ ಹರಡುವ ಒಂದು ಬ್ಯಾಕ್ಟೀರಿಯಾ. 28 ದಿನ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್. ಅದು ಖಾಲಿ ಹೊಟ್ಟೆಗೆ ಕೊಡುವ ಮಾತ್ರೆ ಅಲ್ಲ. ಗಂಟಲಲ್ಲಿ ಕಚ್ಚಿಕೊಂಡರೆ ಹುಣ್ಣಾಗುತ್ತದೆ, ಅದಕ್ಕೆ ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಬೇಕು. ಹತ್ತನೇ ದಿನಕ್ಕೇ ಚಿನ್ನಿ ಓಡಾಡತೊಡಗಿದಳು, ಆದರೂ ಕೋರ್ಸ್ ಪೂರ್ತಿ ಮುಗಿಸಿದೆವು. ನಡುವೆ ನಿಲ್ಲಿಸಿದರೆ ಕಾಯಿಲೆ ಒಳಗೇ ಉಳಿದುಕೊಳ್ಳಬಹುದು.

ಆ ದಿನಗಳಲ್ಲಿ ಡಾಕ್ಟರ್ ನನಗೆ ಉಣ್ಣೆಯ ಬದುಕನ್ನೇ ಬಿಡಿಸಿ ಹೇಳಿದರು, ಮೊದಲೇ ಗೊತ್ತಿದ್ದರೆ ಎಷ್ಟು ದುಡ್ಡು, ಎಷ್ಟು ನೋವು ಉಳಿಯುತ್ತಿತ್ತೋ ಅನಿಸಿತು. ನಮ್ಮ ಮನೆಗಳಲ್ಲಿ ನಾಯಿಗೆ ಹತ್ತುವ ಈ ಕಂದು ಉಣ್ಣೆ ನಾಯಿ ಮೈಮೇಲೆ ಇರುವುದು ತನ್ನ ಬಾಳಿನ ಸ್ವಲ್ಪ ಕಾಲ ಮಾತ್ರ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ಹತ್ತಿ ರಕ್ತ ಕುಡಿದು ಉದುರುತ್ತದೆ, ನೆಲದಲ್ಲೆಲ್ಲೋ ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ಹತ್ತುತ್ತದೆ, ಮತ್ತೆ ಉದುರುತ್ತದೆ, ದೊಡ್ಡದಾಗಿ ಮೂರನೇ ಸಲ ಹತ್ತುತ್ತದೆ. ಕೊನೆಗೆ ಹೊಟ್ಟೆ ತುಂಬಿದ ಹೆಣ್ಣು ಬಿದ್ದು ಗೋಡೆ ಬಿರುಕಿಗೆ ಹೋಗಿ 4000ದವರೆಗೂ ಮೊಟ್ಟೆ ಇಡಬಲ್ಲದು. ಊಟ ಇಲ್ಲದೆ ತಿಂಗಳುಗಟ್ಟಲೆ ಕಾಯುವ ಶಕ್ತಿ ಇದಕ್ಕಿದೆ. ಅಂದರೆ ನಾನು ನಾಯಿ ಮೈಯಿಂದ ಹತ್ತು ಕಿತ್ತರೆ ಅದರ ಎಷ್ಟೋ ಪಟ್ಟು ಮನೆಯಲ್ಲೇ ಕೂತಿರುತ್ತವೆ. ಅವತ್ತು ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಕ್ಯಾಲೆಂಡರ್ ಹಿಂದೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಚಿನ್ನಿ ಮಲಗುವ ಮೂಲೆಯ ಮೇಲಿನ ಗೋಡೆಯಲ್ಲಿ ಸಾಲಾಗಿ ಮೇಲೆ ಹತ್ತುತ್ತಿದ್ದವು.

ಆಮೇಲೆ ಮದ್ದು ಆರಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಇವತ್ತು ಎಷ್ಟು ಉಣ್ಣೆ ಸಾಯುತ್ತದೆ ಅನ್ನುವುದಲ್ಲ, ಗೋಡೆಯಿಂದ ಇಳಿದು ಬರುವ ಪ್ರತಿ ಉಣ್ಣೆಯನ್ನೂ ತಿಂಗಳುಗಟ್ಟಲೆ, ಒಂದು ದಿನವೂ ತಪ್ಪದ ಹಾಗೆ ಕೊಲ್ಲುತ್ತದಾ?

ಅಮಿಟ್ರಾಜ್ ಅನ್ನುವ ಉಣ್ಣೆ ಮದ್ದಿನ ಸ್ನಾನ ಈ ಪ್ರಶ್ನೆಗೆ ಸೋತಿತು. ಡಾಕ್ಟರ್ ಅಳತೆ ಬರೆದುಕೊಟ್ಟಿದ್ದರು. ಗ್ಲೌಸ್ ಹಾಕಿಕೊಂಡು ನೀರಿಗೆ ಬೆರೆಸಿ ಮೈಮೇಲೆ ಸುರಿದು, ತೊಳೆಯದೆ ಹಾಗೇ ಒಣಗಲು ಬಿಡಬೇಕು. ಮಾರನೇ ದಿನ ಚಾಪೆ ತುಂಬಾ ಸತ್ತ ಉಣ್ಣೆ, ಅಷ್ಟು ಜೋರಾದ ಕೆಲಸ. ಆದರೆ ಚಿನ್ನಿ ಇಡೀ ದಿನ ಮಂಕಾಗಿ ಬಿದ್ದಿದ್ದಳು, ನೆಕ್ಕದ ಹಾಗೆ ಕಾಯಬೇಕಾಯಿತು, ಮಗಳನ್ನು ದೂರ ಇಡಬೇಕಾಯಿತು. ಬೆಕ್ಕಿಗೆ ಇದೂ ಆಗದು. ಎರಡು ವಾರ ಕಳೆಯುವುದರೊಳಗೆ ಹೊಸ ಉಣ್ಣೆ ಕಂಡವು. ಮೈ ತುಂಬಾ ಹತ್ತಿಕೊಂಡ ನಾಯಿಗೆ ಡಾಕ್ಟರ್ ಮುಂದೆ ಒಂದು ಸಲ ಮಾಡಿಸುವುದಕ್ಕೆ ಸರಿ, ಮನೆಯ ರೂಢಿಗೆ ಬೇಡ.

ನಿಜವಾದ ಪೈಪೋಟಿ ಇದ್ದಿದ್ದು ಡ್ರಾಪ್ಸ್‌ಗೂ ಮಾತ್ರೆಗೂ.

ಡ್ರಾಪ್ಸ್ ಅಂದರೆ ಫಿಪ್ರೋನಿಲ್, ಎರಡು ಭುಜದ ನಡುವೆ ಕೂದಲು ಸರಿಸಿ ಚರ್ಮಕ್ಕೇ ಬಿಡುವುದು. ಅದು ಮೈಯ ಜಿಡ್ಡಿನ ಜೊತೆ ಹರಡಿಕೊಳ್ಳುತ್ತದೆ. ಇದಕ್ಕೆ ನಾಯಿಯ ಮೈ ಜಿಡ್ಡೇ ವಾಹನ, ಇದು ತಲೆಯಲ್ಲಿರಲಿ. ಹಾಕುವ ಎರಡು ದಿನ ಮುಂಚೆ, ಹಾಕಿ ಎರಡು ದಿನದವರೆಗೆ ಸ್ನಾನ ಬೇಡ. ನಾನು ಮೊದಲ ಸಲ ಚೆನ್ನಾಗಿ ಶಾಂಪೂ ಹಾಕಿ ತೊಳೆದು, ಕ್ಲೀನಾದ ಮೈಗೆ ಅಂತ ಅದೇ ಸಂಜೆ ಹಾಕಿದೆ. ಆ ತಿಂಗಳು ಸುಮ್ನೆ ದುಡ್ಡು ದಂಡ. ಮುಂದಿನ ಸಲ ಸರಿಯಾಗಿ ಹಾಕಿದಾಗ ಮೂರು ವಾರ ಚೆನ್ನಾಗಿತ್ತು, ನಾಲ್ಕನೇ ವಾರ ಮತ್ತೆ ಒಂದೆರಡು ಜೀವಂತ ಉಣ್ಣೆ ಸಿಕ್ಕವು. ಮಳೆಗಾಲದಲ್ಲಿ ಇನ್ನೂ ಬೇಗ, ಚಿನ್ನಿ ಮಳೆ ಬಂದರೆ ಒಳಗೆ ನಿಲ್ಲುವವಳಲ್ಲ. ನನಗೆ ಒಂದು ಡೋಸಿಗೆ 450 ರೂಪಾಯಿ ಆಗುತ್ತಿತ್ತು.

ಮಾತ್ರೆ ಅಂದರೆ ಫ್ಲೂರಲೇನರ್. ಊಟದ ಜೊತೆ ಒಂದು ಕೊಟ್ಟರೆ 12 ವಾರ. ಇದೇ ಜಾತಿಯ ಅಫಾಕ್ಸೊಲೇನರ್ ಆದರೆ ತಿಂಗಳಿಗೊಂದು. ತೂಕದ ಲೆಕ್ಕದಲ್ಲಿ ಬರುತ್ತವೆ, ಚಿನ್ನಿಗೆ 10ರಿಂದ 20 ಕೆಜಿಯದು. ದೊಡ್ಡ ನಾಯಿಯ ಮಾತ್ರೆ ತಂದು ಎರಡು ತುಂಡು ಮಾಡಿ ಹಂಚುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಮದ್ದು ರಕ್ತದಲ್ಲಿ ಇರುವುದರಿಂದ ಸ್ನಾನ, ಮಳೆ ಯಾವುದೂ ಲೆಕ್ಕಕ್ಕಿಲ್ಲ. ಮಗಳು ತಬ್ಬಿಕೊಳ್ಳಬಹುದು, ಬೆಕ್ಕು ಒತ್ತಿಕೊಂಡು ಮಲಗಬಹುದು. ನಮ್ಮ ಮನೆಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಉಣ್ಣೆ ಕಚ್ಚಿದ ಮೇಲೇ ಸಾಯುವುದು, ಈ ಮಾತ್ರೆ ಅವನ್ನು ದೂರ ಓಡಿಸುವುದಿಲ್ಲ. ಹಾಗಾಗಿ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಉಣ್ಣೆ ಕಾಣುತ್ತವೆ, ನಾನು ಮೊದಲ ವಾರ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದ್ದೆ. ಮುಟ್ಟಿ ನೋಡಿದರೆ ಹೆಚ್ಚಿನವು ಒಣಗಿ ಸತ್ತಿದ್ದವು. ನಾನು ಕೊಟ್ಟಿದ್ದು 2000 ರೂಪಾಯಿ ಆಸುಪಾಸು. ಮೂರು ತಿಂಗಳ ಡ್ರಾಪ್ಸ್‌ಗೆ 1350 ಆಗುತ್ತಿತ್ತು, ಅಂದರೆ ಮಾತ್ರೆ ಜಾಸ್ತಿಯೇ. ಆದರೆ ಟಿಕ್ ಫೀವರಿನ ಪರೀಕ್ಷೆ, ಡ್ರಿಪ್ಪು, ಔಷಧಿ ಎಲ್ಲ ಸೇರಿ ನಾನು ಕಟ್ಟಿದ ಬಿಲ್ಲು 9 ಸಾವಿರ ದಾಟಿತ್ತು.

ಹಾಗಂತ ಎಲ್ಲ ನಾಯಿಗೂ ಮಾತ್ರೆ ಅಂತ ಹೇಳಲಾರೆ. ಈ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ತೂರಾಟ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ನಿಮ್ಮ ನಾಯಿಗೆ ಒಂದು ಸಲವಾದರೂ ಫಿಟ್ಸ್ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳದೆ ಇದನ್ನು ಕೊಡಲೇಬೇಡಿ. ಅಂಥ ನಾಯಿಗೆ ನಾನಾದರೆ ಡ್ರಾಪ್ಸನ್ನೇ ಕೇಳುತ್ತೇನೆ. ಮರಿಗಳಿಗೆ ಡ್ರಾಪ್ಸ್ ಆಗಲಿ ಮಾತ್ರೆ ಆಗಲಿ ವಯಸ್ಸು, ತೂಕ ಎರಡೂ ನೋಡಿಸಿಯೇ ಹಾಕಬೇಕು.

ಬೆಲ್ಟ್ ವಿಷಯ ಚಿಕ್ಕದು. ಬೆಂಗಳೂರಲ್ಲಿ ತಂಗಿಯ ಮನೆಯ ಲ್ಯಾಬ್ರಡಾರ್‌ಗೆ ಫ್ಲೂಮೆಥ್ರಿನ್, ಇಮಿಡಾಕ್ಲೋಪ್ರಿಡ್ ಇರುವ ಬೆಲ್ಟ್ ಹಾಕಿದ್ದಾರೆ. ಎಂಟು ತಿಂಗಳವರೆಗೆ ಅನ್ನುತ್ತಾರೆ, ಅವರಿಗೆ ಆರು ತಿಂಗಳು ಚೆನ್ನಾಗಿ ಬಂತು. ಕತ್ತಿಗೂ ಬೆಲ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು. ನಕಲಿ ಮಾಲು ಓಡಾಡುವುದರಿಂದ ನಂಬಿಕೆಯ ಕಡೆಯೇ ತಗೊಳ್ಳಿ. ಅಪಾರ್ಟ್‌ಮೆಂಟು, ಮಕ್ಕಳಿಲ್ಲದ ಮನೆ, ವಾರ ವಾರ ಸ್ನಾನ ಇಲ್ಲ ಅಂದರೆ ಒಳ್ಳೆಯದೇ. ನನ್ನ ಮಗಳು ದಿನಕ್ಕೆ ಹತ್ತು ಸಲ ಚಿನ್ನಿ ಕತ್ತು ತಬ್ಬಿಕೊಳ್ಳುತ್ತಾಳೆ, ಅದಕ್ಕೆ ನಮಗೆ ಬೇಡ ಅನಿಸಿತು.

ಮಾತ್ರೆಯ ಜೊತೆ ಮನೆಗೂ ಕೆಲಸ ಮಾಡಿದೆವು, ಇದಿಲ್ಲದಿದ್ದರೆ ಮಾತ್ರೆಯೂ ಅರ್ಧವೇ. ಗೋಡೆ ಬಿರುಕಿಗೆ ಸಿಮೆಂಟು ಮೆತ್ತಿಸಿದೆವು, ಚಾಪೆ ಎಸೆದು ಕುದಿಯುವ ನೀರಲ್ಲಿ ಒಗೆಯಬಹುದಾದ ಹತ್ತಿ ಬಟ್ಟೆ ಹಾಸಿದೆವು. ಒಂದು ಸಲ ಸ್ಪ್ರೇ ಹೊಡೆಸಿದೆವು. ಪೂರ್ತಿ ಒಣಗಿ ಗಾಳಿಯಾಡುವವರೆಗೆ ನಾಯಿ, ಬೆಕ್ಕು, ಮಗಳು ಮೂವರೂ ಅತ್ತೆ ಮನೆಯಲ್ಲಿದ್ದರು. ಗೋಡೆ ಮೇಲೆ ಉಣ್ಣೆ ಕಾಣುವುದು ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು.

ಕೈಯಲ್ಲಿ ಹುಡುಕುವುದು ಈಗಲೂ ಬಿಟ್ಟಿಲ್ಲ. ಮೊದಮೊದಲು ಇಬ್ಬರು ಅದುಮಿ ಹಿಡಿದು ಕೀಳುತ್ತಿದ್ದೆವು, ಚಿನ್ನಿ ಚಿಮ್ಮಟ ಕಂಡರೆ ಮಂಚದಡಿ ಸೇರುತ್ತಿದ್ದಳು. ಆಮೇಲೆ ದಾರಿ ಬದಲಿಸಿದೆ. ಮೊದಲ ವಾರ ಬರೀ ಪಾದ ಮುಟ್ಟುವುದು, ಒಂದು ಚೂರು ಬೇಯಿಸಿದ ಕೋಳಿ ಲಿವರ್ ಕೊಡುವುದು. ಎರಡನೇ ವಾರ ಬೆರಳು ಬಿಡಿಸಿ ನೋಡುವುದು, ಮತ್ತೆ ಲಿವರ್. ಮೂರನೇ ವಾರ ಚಿಮ್ಮಟ ತೋರಿಸಿ ಲಿವರ್, ಕೀಳುವುದಿಲ್ಲ. ಅವಳು ಕಾಲು ಎಳೆದುಕೊಂಡರೆ ನಾನು ತಕ್ಷಣ ಬಿಡುತ್ತಿದ್ದೆ. ತಿಂಗಳಿಗೆ ಅವಳೇ ಅಡ್ಡ ಮಲಗಿ ಕಾಲು ಚಾಚತೊಡಗಿದಳು. ಕೀಳುವಾಗ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಉಗುರಲ್ಲಿ ಒಡೆಯಬಾರದು, ಊದುಬತ್ತಿಯಲ್ಲಿ ಸುಡಬಾರದು. ಸ್ಪಿರಿಟ್ ಇರುವ ಬಾಟಲಿಗೆ ಹಾಕಿಬಿಡಿ.

ಸಾಗರಕ್ಕೆ ಹೋಗುವಾಗ ಮಾತ್ರ ನನ್ನ ಲೆಕ್ಕ ಬೇರೆ. ಮಂಗನ ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ಅದೂ ಒಂದು ಜಾತಿ ಉಣ್ಣೆಯೇ, ಆದರೆ ನಮ್ಮ ಗೋಡೆಯದಲ್ಲ. ಮಾತ್ರೆ ಉಣ್ಣೆಯನ್ನು ಓಡಿಸುವುದಿಲ್ಲ ಅಂದೆನಲ್ವಾ, ಅಂದರೆ ಇನ್ನೂ ಕಚ್ಚದ ಉಣುಗನ್ನು ನಾಯಿ ಮೈಮೇಲೆ ಹೊತ್ತು ಮನೆಯೊಳಗೆ ತರಬಹುದು. ಅದಕ್ಕೆ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಅಲ್ಲಿ ಚಿನ್ನಿಯನ್ನು ಕಾಡಿನ ಕಡೆ ಬಿಡುವುದಿಲ್ಲ, ತೋಟಕ್ಕೆ ಹೋಗಿ ಬಂದರೂ ಅಂಗಳದಲ್ಲೇ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ಒಳಗೆ ಕರೆಯುತ್ತೇನೆ.

ಈಗ ಎರಡು ವರ್ಷದಿಂದ ಮಾತ್ರೆಯೇ. ಕೊಟ್ಟ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 12 ವಾರ ಎಣಿಸಿ ಮುಂದಿನದಕ್ಕೂ ಹಾಕುತ್ತೇನೆ. ಆ ಕ್ಯಾಲೆಂಡರನ್ನು ತಿಂಗಳಿಗೊಮ್ಮೆ ಎತ್ತಿ ಹಿಂದಿನ ಗೋಡೆಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಹೋದ ಭಾನುವಾರವೂ ನೋಡಿದೆ, ಏನೂ ಇರಲಿಲ್ಲ.